ಕೆಂಪಪ್ಪನ ಕತ್ತಿಗೆ ಗೊತ್ತಿದ್ದ ಕೈ

ಸಾವಿರದ ಒಂಬೈನೂರ ಐವತ್ತೆಂಟರ ಮಾಗಿಯಲ್ಲಿ ಶಿಕಾರಿಪುರದ ಗರಡಿಮನೆಯಲ್ಲಿ ಒಂದು ವಾದ ಹುಟ್ಟಿತು. ಅದಕ್ಕೆ ಕಾರಣ ಒಂದು ಹಳೆಯ ಪತ್ರಿಕೆ. ದರ್ಜಿ ಸುಬ್ಬಪ್ಪ ಅದನ್ನು ಎಲ್ಲಿಂದಲೋ ತಂದು ಓದಿ ಹೇಳಿದ. ಅಮೆರಿಕದಲ್ಲಿ ಮುಷ್ಟಿಕಾಳಗದ ಭಾರಿ ಜಟ್ಟಿಗಳಿದ್ದಾರಂತೆ; ಐವತ್ತು ವರ್ಷದ ಹಿಂದಿನವನೂ ಈಗಿನವನೂ ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ಅಲ್ಲಿನ ಜನ ಊಟ ಬಿಟ್ಟು ವಾದಿಸುತ್ತಾರಂತೆ.

"ಅವ್ರ್ದು ಅತ್ಲಾಗಿರ್ಲಿ, ನಮ್ದು ಹೇಳ್ರಿ," ಎಂದ ಹುಲಿಯಪ್ಪ. ಅವನು ಗರಡಿಯ ತರುಣರ ಮುಂದಾಳು. "ನಮ್ಮ ಉಚ್ಚಂಗಪ್ಪಜ್ಜಗೂ ಸೊರಬದ ರಾಜಪ್ಪಗೂ ಬಿದ್ರೆ ಯಾರು?"

ಎಲ್ಲರ ಕಣ್ಣೂ ಕೆಂಪಪ್ಪನ ಕಡೆ ತಿರುಗಿದವು.

ಕೆಂಪಪ್ಪನಿಗೆ ಅರವತ್ತು ವರ್ಷ. ಕೆರೆಯ ಕೆಳಗೆ ಎರಡೆಕರೆ ಗದ್ದೆ. ಗರಡಿಯ ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡುವ ಕೆಲಸ ಮೂವತ್ತೈದು ವರ್ಷಗಳಿಂದ ಅವನದೇ. ಉಡುತಡಿಯ ಉಚ್ಚಂಗಪ್ಪ ಪೈಲ್ವಾನರು ತೀರಿಕೊಂಡು ಮೂವತ್ತಮೂರು ವರ್ಷವಾಗಿತ್ತು. ಅವರ ಬಳಿ ಕಲಿತು ಅವರೊಡನೆ ಕುಸ್ತಿ ಹಿಡಿದವರಲ್ಲಿ ಇನ್ನೂ ಬದುಕಿದ್ದವನು ಕೆಂಪಪ್ಪನೊಬ್ಬನೇ.

ವರ್ಷಕ್ಕೊಂದು ಶನಿವಾರ ಗರಡಿಗೆ ಹೊಸ ಮಣ್ಣು ಬೀಳುತ್ತದೆ. ಮೊದಲ ಹಿಡಿಯನ್ನು ಎಲ್ಲರಿಗಿಂತ ಬಲಶಾಲಿಯ ಹೆಗಲಿಗೆ ಹಾಕುವುದು ಪದ್ಧತಿ. ಉಚ್ಚಂಗಪ್ಪ ಹೋದ ಮೇಲೆ ಅಂಥ ಹೆಗಲು ಸಿಗದೆ, ಅವರು ಎತ್ತುತ್ತಿದ್ದ ಗುಂಡುಕಲ್ಲಿಗೇ ಕೆಂಪಪ್ಪ ಆ ಮಣ್ಣು ಹಾಕಿ ಅವರ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದ. ಉಳಿದ ದಿನಗಳಲ್ಲಿ ಆ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

"ಆರು ವರ್ಷದಿಂದ ರಾಜಪ್ಪನ ಬೆನ್ನಿಗೆ ಮಣ್ಣು ಹತ್ತಿಲ್ಲ," ಎಂದ ಹುಲಿಯಪ್ಪ. "ಕಲ್ಲಿಗ್ಯಾಕ್ರೀ ಹಾಕ್ತೀರಿ, ಆಳಿಗೆ ಹಾಕ್ರಿ. ಹೊಸ ಮಣ್ಣಿನ ಶನಿವಾರ ಅವನ್ನ ಕರೆಸ್ತೀವಿ. ಯಾರು ಹೆಚ್ಚು ಅಂತ ನೀವೇ ಹೇಳ್ರಿ, ನಿಮ್ಮ ಮಾತೇ ತೀರ್ಪು."

ಆ ರಾತ್ರಿ ಮನೆಯಲ್ಲಿ ಕೆಂಪಪ್ಪನಿಗೆ ಅನ್ನ ಇಳಿಯಲಿಲ್ಲ. ರಾಜಪ್ಪನೇ ಹೆಚ್ಚು ಎಂದರೆ ಗುರುವಿನ ಹೆಸರನ್ನು ತಾನೇ ಅಳಿಸಿದಂತೆ. ತಿಳಿಯದೆ ಉಚ್ಚಂಗಪ್ಪನೇ ಎಂದರೆ ಗರಡಿಯಲ್ಲಿ ನಿಂತು ಸುಳ್ಳಾಡಿದಂತೆ.

"ಸತ್ತೋರಿಗೂ ಇದ್ದೋರಿಗೂ ಕುಸ್ತಿ ಹಚ್ಚೀರೇನ್ರಿ?" ಎಂದು ಹೆಂಡತಿ ಸುಂಕಲಮ್ಮ ನಕ್ಕಳು. "ಹಂಗಾರೆ ಪಂಚಾಯ್ತಿಗೆ ಯಮಧರ್ಮನ್ನೇ ಕರೀರಿ!"

ಶನಿವಾರ ರಾಜಪ್ಪ ಬಸ್ಸಿಳಿದು ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿ, ಭುಜ ಓರೆ ಮಾಡಿ ಒಳಗೆ ಬರಬೇಕಾದಂಥ ಆಳು. ಮಾತು ಮಾತ್ರ ಮೆಲ್ಲಗೆ. ಕೆಂಪಪ್ಪ ಅಂಗಿ ಕಳಚಿ ಅಖಾಡಕ್ಕಿಳಿದ.

"ನನ್ನ ಕತ್ತಿಗೆ ಕೈ ಹಾಕು. ನನ್ನ ಗುರುಗಳ ಕೈ ನನಗೆ ನೆಪ್ಪೈತೆ. ನಿಂದೂ ನೋಡ್ತೀನಿ."

"ಬ್ಯಾಡ ಅಜ್ಜಾರೇ, ಎಲ್ಲಾದ್ರೂ ಪೆಟ್ಟಾಗ್ತದೆ."

"ನಾನೇನು ಮೊಸರಿನ ಗಡಿಗೆಯೇನೋ? ಹಾಕು!"

ರಾಜಪ್ಪ ಕೈ ಹಾಕಿದ. ಅಂಗೈ ಹಿಂಗತ್ತನ್ನು ತುಂಬಿಕೊಂಡಿತು. ಹೆಬ್ಬೆರಳು ಜಾರಿ, ಕಿವಿಯ ಹಿಂದಿನ ಮೂಳೆಯ ಕುಳಿಯಲ್ಲಿ ಹೋಗಿ ಕೂತಿತು.

ಕೆಂಪಪ್ಪ ಆ ಕೈಯನ್ನು ಗುರುತಿಸಿದ. ನಲವತ್ತು ವರ್ಷದ ಹಿಂದೆ ಅದೇ ಕುಳಿಯಲ್ಲಿ, ಅದೇ ಒತ್ತು! ಕಣ್ಣು ಮುಚ್ಚಿದ್ದರೆ ಉಚ್ಚಂಗಪ್ಪನವರೇ ನಿಂತಿದ್ದಾರೆಂದು ಅವನು ಆಣೆ ಇಟ್ಟು ಹೇಳುತ್ತಿದ್ದ.

"ಈ ಪಟ್ಟು ಯಾರು ಕಲಿಸಿದ್ರು?"

"ನಮ್ಮ ಉಸ್ತಾದ್ರು, ಶೇಷಪ್ಪನೋರು. ಈಗಿಲ್ಲ, ತೀರ್ಕೊಂಡ್ರು. ಅವರು ಉಡುತಡಿಯೋರು ಯಾರತ್ರನೋ ಕಲ್ತಿದ್ದಂತೆ. ಹೆಸರು ನಂಗೊತ್ತಿಲ್ಲ."

ಕೆಂಪಪ್ಪ ಹಿಂದೊಮ್ಮೆ ಇದೇ ಪಟ್ಟನ್ನು ಉಚ್ಚಂಗಪ್ಪನ ಮೇಲೆಯೇ ಹಾಕಿ, ರೆಪ್ಪೆ ಬಡಿಯುವಷ್ಟರಲ್ಲಿ ಅಂಗಾತ ಬಿದ್ದಿದ್ದ. ಅವರು ಬಿಡಿಸಿಕೊಂಡದ್ದು ಹೇಗೆಂದು ಎಷ್ಟು ಯೋಚಿಸಿದರೂ ಹೊಳೆದಿರಲಿಲ್ಲ. ಈಗ ಆ ಹೆಬ್ಬೆರಳಿನಡಿ ಅವನ ಎಡಭುಜ ತಾನಾಗಿ ಕುಸಿಯಿತು; ಮೊಣಕಾಲು ತಿರುಗಿತು; ಸೊಂಟ ಎದುರಾಳಿಯ ಹೊಟ್ಟೆಯಡಿ ನುಗ್ಗಿತು.

ಬೆಟ್ಟದಂಥ ರಾಜಪ್ಪನ ಒಂದು ಮೊಣಕಾಲು, ಒಂದು ಕೈ ಮಣ್ಣಿಗೆ ಊರಿದವು.

ಎಲ್ಲರಿಗಿಂತ ಹೆಚ್ಚು ಬೆರಗಾದವನು ಕೆಂಪಪ್ಪನೇ. ತನ್ನ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ.

"ಹಂಗಾರೆ ನಿಮ್ಮ ಗುರುಗಳೇ ಗೆಲ್ಲೋದು!" ಎಂದ ಹುಲಿಯಪ್ಪ.

"ಇವತ್ತು ಬಿದ್ರೆ ಅವರೇ. ಪಟ್ಟು ಅವರದು, ಬಿಡಿಸೋದೂ ಅವರಿಗೇ ಗೊತ್ತು. ಬಿಡಿಸೋದನ್ನ ಇವನೂ ಕಲ್ತ ಮ್ಯಾಲೆ..." ಕೆಂಪಪ್ಪ ರಾಜಪ್ಪನ ಭುಜ ಮುಟ್ಟಿದ. "ನನಗೆ ತಿಳೀದಪ್ಪಾ. ಆ ಕುಸ್ತಿ ನೋಡಾಕೆ ಈ ಎರಡು ಕಣ್ಣು ಸಾಲ್ದು."

ರಾಜಪ್ಪ ಮಂಡಿಯೂರಿದಲ್ಲೇ ಕೇಳಿದ: "ಅವರ ಹೆಸರು ಏನ್ರಿ?"

"ಉಚ್ಚಂಗಪ್ಪ."

ರಾಜಪ್ಪ ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡ. ಮೊದಲ ಹಿಡಿ ಮಣ್ಣನ್ನು ತಾನೇ ಎತ್ತಿ ಗುಂಡುಕಲ್ಲಿಗೆ ಹಾಕಿ, ಮೂರನೆಯ ಸಲ ಗಟ್ಟಿಯಾಗಿ ಹೇಳಿದ. ಹುಲಿಯಪ್ಪನೂ ತಡೆಯಲಿಲ್ಲ.

ಆಮೇಲೆ ಎಂಟು ದಿನ ರಾಜಪ್ಪ ಊರಿಗೆ ಹೋಗಲಿಲ್ಲ. ಕೆಂಪಪ್ಪ ಸೊಂಟ ಹಿಡಿದುಕೊಂಡು, ಸುಂಕಲಮ್ಮನ ಬಿಸಿ ಉಪ್ಪಿನ ಶಾಖ ತೆಗೆದುಕೊಳ್ಳುತ್ತಲೇ ದಿನವೂ ಅವನಿಗೆ ಕಲಿಸಲು ಅಖಾಡಕ್ಕಿಳಿದ. ಎಂಟನೆಯ ದಿನ ಪಟ್ಟು ಹಾಕುವ ಸರದಿ ಅವನದು. ರಾಜಪ್ಪನ ಕತ್ತಿಗೆ ಅವನು ಕೈ ಹಾಕಿದ್ದೇ ತಡ, ಆ ದೊಡ್ಡ ಭುಜ ಕುಸಿಯಿತು, ಮೊಣಕಾಲು ತಿರುಗಿತು. ಮುದುಕ ನೆಲ ಬಿಟ್ಟು ಮೇಲೆದ್ದಿದ್ದ. ನೆಲಕ್ಕೆ ಬೀಳಗೊಡದೆ ರಾಜಪ್ಪ ಅವನನ್ನು ಎರಡೂ ತೋಳುಗಳಲ್ಲಿ ಹಿಡಿದುಕೊಂಡ.

"ಇಳಿಸ್ಲಾ ಅಜ್ಜಾರೇ?"

"ತಡಿಯೋ," ಎಂದ ಕೆಂಪಪ್ಪ. "ಒಂದು ಗಳಿಗೆ ಹಿಂಗೇ ಇರ್ಲಿ."