ಅನೀಸಾಗೆ ಅರ್ಥ ಹೇಳಿಕೊಟ್ಟ ಆನೆ ಕಂದಕ

ಬೆಳಗಿನ ಆರು ಗಂಟೆ. ತೆರಕಣಾಂಬಿ ಕಡೆ, ಆನೆಗಳು ಹೊಲಕ್ಕೆ ದಾಟದಂತೆ ಕಾಡಂಚಿನಲ್ಲಿ ತೋಡಿರುವ ಕಂದಕದಿಂದ ಮಣ್ಣು ಮೇಲಕ್ಕೆ ಹಾರುತ್ತಿದೆ, ಎಸೆಯುವವರು ಕಾಣುತ್ತಿಲ್ಲ. ಇಣುಕಿದರೆ ಕೆಸರಿನಲ್ಲಿ ಗುದ್ದಲಿ ಹಿಡಿದು ನಿಂತಿದ್ದಾರೆ ಮರಿಯಯ್ಯ.

"ಆನೆ ಬಲು ಜಾಣ ಸಾ. ನಾವು ತೋಡ್ತೀವಿ, ಅದು ಮಣ್ಣು ತಳ್ಳಿ ದಾರಿ ಮಾಡ್ಕತದೆ. ಅದ್ರ ಕೆಲ್ಸ ಅದು ಮಾಡ್ಲಿ ಬುಡಿ" ಎಂದು ನಗುತ್ತಾರೆ.

ವಯಸ್ಸು ಐವತ್ತೇಳು. ಹತ್ತೊಂಬತ್ತು ವರ್ಷದಿಂದ ಕಂದಕ ದುರಸ್ತಿಯ ದಿನಗೂಲಿ. ದಿನಕ್ಕೆ ನಾಲ್ಕು ಕಿಲೋಮೀಟರ್ ನಡಿಗೆ, ಎಂಬತ್ತು ಮಂಕರಿ ಮಣ್ಣು. ಈ ಸೀಮೆಯ ಅರಿಸಿನ, ಟೊಮೆಟೊ ಉಳಿದಿರುವುದರಲ್ಲಿ ಅವರ ಗುದ್ದಲಿಯ ಋಣವಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಇವರನ್ನು ಮೇಷ್ಟ್ರಾಗಿಸಿದ್ದು ಮಾತ್ರ ಒಂದು ತಪ್ಪು ಉತ್ತರ.

ಟೈಲರ್ ಅಪ್ಸರ್ ಪಾಷಾ ಅವರ ಮಗಳು ಅನೀಸಾ ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಫೇಲಾಗಿದ್ದಳು. ಮರುಪರೀಕ್ಷೆಯಲ್ಲೂ ಹೋದರೆ ಓದು ಬಿಡಿಸಿ ಮೆಷಿನ್ ಮುಂದೆ ಕೂರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಶಿಕ್ಷಕಿ ಮಧುಶ್ರೀ ಮೊದಲ ಮಹಾಯುದ್ಧದ ಪದಗಳ ಪಟ್ಟಿ ಕೊಟ್ಟು ಅರ್ಥ ಬರೆಸಿದರು. 'ಕಂದಕ ಯುದ್ಧ'ದ ಎದುರು ಅನೀಸಾ ಬರೆದಳು: 'ಶತ್ರು ದಾಟದಂತೆ ಗುಂಡಿ ತೋಡಿ, ಸೈನಿಕರು ಮನೆಗೆ ಹೋಗಿ ಮಲಗುವುದು.' ಇಲ್ಲಿಯ ಮಕ್ಕಳು ಕಂಡಿರುವುದು ಆನೆ ಕಂದಕವೊಂದೇ ತಾನೆ!

ಮೇಡಂ ಬೈಯಲಿಲ್ಲ. ಮರುಪರೀಕ್ಷೆಯ ಏಳು ಮಕ್ಕಳನ್ನು ಮರಿಯಯ್ಯನ ಬಳಿಗೇ ಕರೆತಂದರು. ಸೈನಿಕರ ಕತೆಯನ್ನು ಮೇಡಂ ಬಾಯಲ್ಲಿ ಕೇಳಿಕೊಂಡ ಅವರು ಏಣಿ ಇಟ್ಟು ಮಕ್ಕಳನ್ನು ಒಳಗಿಳಿಸಿದರು.

"ಏನ್ ಕಾಣ್ತದೆ ಏಳವ್ವ?"

"ಆಕಾಶ ಅಷ್ಟೇ ತಾತ" ಎಂದಳು ಅನೀಸಾ.

"ಆ ಸೈನಿಕ್ರು ಇಂತದ್ರೊಳ್ಗೇ ಉಂಡು, ಇಂತದ್ರೊಳ್ಗೇ ಮಲಗವ್ರೆ ಕಣಮ್ಮಿ."

ಮೇಡಂ ಪಟ್ಟಿ ಓದುತ್ತಾ, ಎರಡು ಸೇನೆಗಳ ಕಂದಕಗಳ ನಡುವಿನ 'ಯಾರಿಗೂ ಸೇರದ ನೆಲ' ಎಂದಾಗ ಮರಿಯಯ್ಯ ಕಂದಕದಾಚೆ ಯಾರೂ ಬಿತ್ತದ ಪಟ್ಟಿ ತೋರಿಸಿದರು. 'ಕಂದಕ ಪಾದ' ಎಂದಾಗ ಬೂಟು ಕಳಚಿದರು. ಒಂದು ಮಳೆಗಾಲವೆಲ್ಲ ನೀರಲ್ಲಿ ನಿಂತು ಕೊಳೆತು, ಎರಡು ಬೆರಳು ಕಳೆದುಕೊಂಡ ಕಾಲು. 'ಸಿಡಿಗುಂಡಿನ ಆಘಾತ' ಎಂದರೆ ಗುಂಡಿನ ಸದ್ದು ನಿಂತ ಮೇಲೂ ಮನಸ್ಸು ಬಿಡದ ಭಯ ಎಂದು ಮೇಡಂ ವಿವರಿಸಿದಾಗ ಮರಿಯಯ್ಯ ತಮ್ಮ ಮನೆಯ ಮಾತು ತೆಗೆದರು.

"ನಮ್ಮ ಮನೆಯೋಳು ಚಿಕ್ಕಮಾದಮ್ಮ ಇದಾಳಲ್ಲ, ಆನೆ ನಮ್ ಗೋಡೆ ಒಡ್ದು ಆರು ವರ್ಸ ಆಯ್ತು. ಈಗ್ಲೂ ಪಾತ್ರೆ ಬಿದ್ರೆ ಮಂಚದ್ ಕೆಳೀಕೆ ಓಗ್ಬುಡ್ತಾಳೆ. ಯುದ್ದ ಮುಗುದ್ ಮೇಲೂ ಅವ್ರ ಮನೆಗಳು ಇಂಗೇ ಇದ್ದಿರ್ಬೇಕು."

ಯುದ್ಧ ಸಮಾಜಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಓದಿಲ್ಲ.

ಅನೀಸಾ ಪಾಸಾದಳು. ಈಗ ಗುಂಡ್ಲುಪೇಟೆಯಲ್ಲಿ ಪಿಯುಸಿ. ಫಲಿತಾಂಶ ಬಂದ ದಿನ ಶಾವಿಗೆ ಪಾಯಸದ ಜೊತೆ, ಅಪ್ಪನ ಅಂಗಡಿಯ ತುಂಡುಬಟ್ಟೆಯಲ್ಲಿ ತಾನೇ ಹೊಲಿದ ಎರಡು ಜೊತೆ ಕಾಲುಚೀಲ ತಂದಿದ್ದಳು. "ಒದ್ದೆಯಾದ ತಕ್ಷಣ ಬದಲಾಯಿಸಿ ತಾತ. ಸೈನಿಕರಿಗೂ ಹಾಗೇ ಹೇಳ್ತಿದ್ರಂತೆ" ಎಂದಳಂತೆ.

ನಾನು ಹೊರಟಾಗ ಮರಿಯಯ್ಯ ದಂಡೆಯ ಮೇಲೆ ಕೂತು ಒದ್ದೆ ಕಾಲುಚೀಲ ಹಿಂಡಿ, ಒಣಗಿದ್ದನ್ನು ಹಾಕಿಕೊಳ್ಳುತ್ತಿದ್ದರು. ನಿಮ್ಮ ಆಸೆಯೇನು ಎಂದು ಕೇಳಿದೆ.

"ನಂಗೇನ್ ಸಾ, ಒಣಗಿದ್ ಚೀಲ ಅದೆ. ಆ ಸೈನಿಕರ್ಗೂ ಅವತ್ತು ಯಾವ್ದಾರ ಒಂದು ಹೆಣ್ಮಗ ಇಂತಾ ಚೀಲ ಒಲ್ದು ಕಳ್ಸಿರ್ಲಿ, ಅಷ್ಟೇ ಸಾಕು."