ಗೂಬೆಗೆ ಹೊಡೆದ ಫ್ಲ್ಯಾಶ್

ಕುಕ್ಕರ್ ಸೀಟಿ ಹೊಡೆಯುವ ಮೊದಲು ಸುಸ್ಸೆನ್ನುತ್ತದಲ್ಲ, ಹಸಿದ ಗೂಬೆಮರಿಗಳು ಹಾಗೇ ಸದ್ದು ಮಾಡುತ್ತವೆ. ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯ ಪಾಳುಮನೆಯ ಗೋಡೆಯ ಸಂದಿನಿಂದ ಆ ಸಂಜೆ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಕಾರಿನ ಕಿಟಕಿಯ ಮೇಲೆ ಜೋಳ ತುಂಬಿದ ಚೀಲವಿಟ್ಟು, ಅದರ ಮೇಲೆ ಕ್ಯಾಮೆರಾ ಊರಿದ್ದೆ. ಬೆಳಕು ಇಳಿಯುತ್ತಿತ್ತು. ಅಪರ್ಚರ್ ಪೂರ್ತಿ ತೆರೆದೆ, ಐಎಸ್‌ಒ ಏರಿಸಿದೆ, ಶಟರ್ ಆದಷ್ಟು ನಿಧಾನ ಮಾಡಿದೆ. ಚಿತ್ರ ರವೆರವೆಯಾಗಿ ಬರುತ್ತದೆ, ಸೋ ವಾಟ್? ಪಕ್ಕದಲ್ಲಿ ನನ್ನ ಚಿಕ್ಕಪ್ಪನ ಮಗ ಕೂತಿದ್ದ. ಹುಬ್ಬಳ್ಳಿಯಲ್ಲಿ ಜೀವಮಾನವಿಡೀ ಮದುವೆ ಫೋಟೊ ತೆಗೆದವನು. ಫ್ಲ್ಯಾಶ್ ಬೇಡವೆಂದು ದಾರಿಯುದ್ದಕ್ಕೂ ಅವನಿಗೆ ಹೇಳಿದ್ದೆ.

ತಾಯಿಗೂಬೆ ಇಲಿ ಕಚ್ಚಿಕೊಂಡು ಬಂದು ಗೋಡೆಯ ಮೇಲೆ ಕೂತಿತು. ಫಳ್ಳೆಂದಿತು ಅವನ ಫ್ಲ್ಯಾಶ್. ಗೂಬೆ ಇಲಿಯನ್ನು ಕೆಡವಿ ಹಾರಿಹೋಯಿತು.

"ಏನ್ ಮಾಡಿದ್ಯೋ ಮೂರ್ಖಾ!"

"ಅದರ ಮಾರಿ, ಕಣ್ಣು ಮೂಗು ಕಾಣಬೇಕಲ್ಲಕ್ಕಾ. ಕತ್ತಲ್ಯಾಗ ಏನ್ ಬರ್ತದ?"

"ಗೂಬಿ ಏನ್ ಮಂಟಪದಾಗ ಅಕ್ಕಿಕಾಳಿಗೆ ನಿಂತ ಮದುಮಗಳೇನೋ?"

"ಸಿಟ್ಟಾಗಬ್ಯಾಡ. ತಿರುಗಿ ಬಂದ್ರ ಇನ್ನೊಂದು ಹೊಡಿಯೂಣು."

ಪೂರ್ತಿ ಕತ್ತಲಾಗುವವರೆಗೆ ಕಾದೆವು. ತಾಯಿ ಬರಲಿಲ್ಲ, ಮರಿಗಳ ಸದ್ದು ನಿಲ್ಲಲಿಲ್ಲ. ಎದುರಿಗಿರುವ ಜೀವವೆಲ್ಲ ತನಗೆ ಪೋಸು ಕೊಡಲೆಂದೇ ಹುಟ್ಟಿದೆ ಎಂಬ ಆ ಅರೊಗನ್ಸ್ ನೆನೆದರೆ ಈಗಲೂ ಮೈ ಉರಿಯುತ್ತದೆ. ಅಬ್ಸಲ್ಯೂಟ್ಲಿ ಶೇಮ್‌ಲೆಸ್.

ಹುಬ್ಬಳ್ಳಿಯ ಬಸ್ಸು ಹಿಡಿಯಲೆಂದು ಅವನನ್ನು ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದೆ. ಗುಡ್ ನೈಟ್ ಕೂಡ ಹೇಳಲಿಲ್ಲ. ಕಾರು ಹೊರಡಿಸುವಾಗ ಅವನು ಚಹಾದಂಗಡಿಯವನಿಗೆ ಕ್ಯಾಮೆರಾ ತೋರಿಸುತ್ತ, "ನೋಡ್ರಿ, ಮಾರಿ ಎಷ್ಟ್ ಕ್ಲಿಯರ್ ಬಂದದ" ಎನ್ನುತ್ತಿದ್ದ. ಅವನನ್ನು ನಾನು ಕೊನೆಯ ಸಲ ನೋಡಿದ್ದು ಅದೇ.