ಮುಡಬಿ ಆಟೋದಾಗ ಹೃದಯದ ಕೋಣೆಗಳು

ಬಂಧುಗಳೇ, ಇಂದು ಮುಂಜಾನೆ ಮೊಮ್ಮಗಳು ಭಾಗ್ಯಾಳನ್ನು ಹತ್ತನೇ ತರಗತಿಯ ವಿಜ್ಞಾನದ ಪೂರ್ವಸಿದ್ಧತಾ ಪರೀಕ್ಷೆಗೆ ಮುಡಬಿಯಿಂದ ಬಸವಕಲ್ಯಾಣಕ್ಕೆ ಶೇರ್ ಆಟೋದಾಗ ಕರಕೊಂಡು ಹೊಂಟಿದ್ದೆ. “ನಾ ಫೇಲ್ ಆಗಾಕಿನೇ, ಬಿಡು ಮುತ್ಯಾ” ಎಂದು ಆಕೆ ಮುಖ ತಿರುವಿ ಕೂತಿದ್ದಳು.

“ಹೃದಯಕ್ಕ ಎಷ್ಟು ಕೋಣಿ, ಅದನ್ನಾದ್ರೂ ಹೇಳವ್ವ” ಎಂದೆ.

ಆಟೋದವನು ಹಿಂದಕ್ಕೆ ತಿರುಗಿ, “ಎರಡ್ರಿ ಕಾಕಾ, ಕಿಡ್ನಿ ಇದ್ದಂಗ” ಎಂದ.

ಮೆಂತೆ ಸೊಪ್ಪಿನ ಬುಟ್ಟಿ ಹಿಡಿದಿದ್ದ ಹೆಣ್ಣುಮಗಳು, “ನೀ ರಸ್ತಾ ನೋಡಪಾ. ಮನಷ್ಯಾರ ಚಿಂತಿ ಎಲ್ಲಾ ಎರಡರಾಗ ಹಿಡಿಸ್ತಾವೇನು? ಎಂಟಾದ್ರೂ ಇರಬೇಕು” ಎಂದಳು.

ಇಬ್ಬರೂ ಸಂತಿಯೊಳಗಿನಂತೆ ಜಗ್ಗಾಡಿ ಐದಕ್ಕೆ ರಾಜಿಯಾದರು. ಉಳಿದವರೂ ತಲೆಯಾಡಿಸಿದರು.

ಭಾಗ್ಯಾಗೆ ತಡೆಯಲಾಗಲಿಲ್ಲ. “ನಾಲ್ಕು ಅದಾವ್ರಿ! ಮ್ಯಾಲ ಎರಡು ಹೃತ್ಕರ್ಣ, ಕೆಳಗ ಎರಡು ಹೃತ್ಕುಕ್ಷಿ!” ಎಂದು ಚೀರಿದಳು. ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಬಸವಕಲ್ಯಾಣ ಮುಟ್ಟುವವರೆಗೆ ಅವರನ್ನೆಲ್ಲ ಬೈದು ಬೈದು ತಿಳಿಸಿದಳು.

ಪರೀಕ್ಷೆ ಮುಗಿಸಿ ಬಂದಾಗ ಕೇಳಿದೆ, “ಹೃದಯ ಬಂದಿತ್ತೇನವ್ವ?”

“ಇಲ್ಲ ಮುತ್ಯಾ. ಕಣ್ಣು ಬಂದಿತ್ತು.”

ಮುಖ್ಯ ಪರೀಕ್ಷೆಗೆ ಇನ್ನೂ ವೇಳೆ ಐತಿ. ಸರಿಯಾಗಿ ಹೇಳಿಕೊಡುವವರು ಶಾಲೆಯಲ್ಲಿ ಸಾಕಷ್ಟು ಇದ್ದಾರೆ. ಕಣ್ಣಿನ ಬಗ್ಗೆ ಗಟ್ಟಿ ದನಿಯಲ್ಲಿ ತಪ್ಪು ಹೇಳಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ ಭಾನುವಾರ ಮನೆಗೆ ಬರ್ರಿ, ಊಟ ನಮ್ಮಲ್ಲೇ.